ಮಡಚುವ ಚಾಕುವಿನ ಹಿಡಿ: ಜಿಡ್ಡು, ಕಲೆ ತೆಗೆಯುವ ಬಗೆ

ಮಡಚುವ ಚಾಕುವಿನ ಹಿಡಿಗೆ ಕೊಳೆ ಮಾಡುವ ಹಾನಿಗಿಂತ ತಪ್ಪು ಕ್ಲೀನರ್ ಮಾಡುವ ಹಾನಿಯೇ ಹೆಚ್ಚು. ಅಸಿಟೋನ್ ಹಾಕಿ ಉಜ್ಜಿದರೆ ಹೊಳೆಯುವ ಪ್ಲಾಸ್ಟಿಕ್ ಹಿಡಿ ಮಂಕಾಗಿ ಅಂಟಂಟಾಗುತ್ತದೆ. ಪಾತ್ರೆ ತೊಳೆಯುವ ಮಷೀನಿಗೆ ಹಾಕಿದ ಅಲ್ಯೂಮಿನಿಯಂ ಹಿಡಿ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ರಾತ್ರಿಯಿಡೀ ನೀರಲ್ಲಿ ಬಿಟ್ಟ ಮರದ ಹಿಡಿ ಉಬ್ಬಿ ಅಲಗನ್ನೇ ಬಿಗಿಹಿಡಿಯುತ್ತದೆ. ಇವು ಪೂರ್ತಿಯಾಗಿ ಮೊದಲಿನ ಸ್ಥಿತಿಗೆ ಬರುವುದು ಕಷ್ಟ. ಜಿಡ್ಡನ್ನಾದರೆ ನಾಳೆಯೂ ತೊಳೆಯಬಹುದು. ಆದ್ದರಿಂದ ಬ್ರಶ್ ಕೈಗೆತ್ತಿಕೊಳ್ಳುವ ಮುಂಚೆ ಎರಡು ಪ್ರಶ್ನೆಗೆ ಉತ್ತರ ಸಿಗಬೇಕು: ಹಿಡಿ ಯಾವುದರಿಂದ ಮಾಡಿದ್ದು, ಅದರ ಮೇಲೆ ಕೂತಿರುವುದು ಏನು.

ಹಿಡಿ ಯಾವುದರದ್ದು?

ಚಾಕು ಬಂದ ಡಬ್ಬಿಯ ಮೇಲೋ ಮಾದರಿಯ ವಿವರದಲ್ಲೋ ಸಾಮಾನ್ಯವಾಗಿ ಬರೆದಿರುತ್ತದೆ. ಅದಿಲ್ಲದಿದ್ದರೆ ಕಣ್ಣು, ಕೈ ಸಾಕು. ಜಿ10 ಎಂದರೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದಲ್ಲಿ ಅದ್ದಿ ಪದರ ಪದರವಾಗಿ ಒತ್ತಿದ ಹಲಗೆ. ಗಟ್ಟಿ, ಹೆಚ್ಚಾಗಿ ಒರಟು, ಅಂಚಿನಲ್ಲಿ ಪದರದ ಗೆರೆ ಕಾಣುತ್ತದೆ, ನೀರು ಹೀರುವುದಿಲ್ಲ. ಅಂಥದ್ದೇ ರಾಳದ ಹಲಗೆಯಾದ ಮೈಕಾರ್ಟಾದ ಒಳಗಿರುವುದು ಹತ್ತಿ ಅಥವಾ ಲಿನನ್ ಬಟ್ಟೆ, ಇಲ್ಲವೇ ಕಾಗದ. ಪಾಲಿಶ್ ಮಾಡದ ಮೈಕಾರ್ಟಾದ ಮೇಲೆ ಒಂದು ಹನಿ ನೀರು ಬಿದ್ದರೆ ಆ ಜಾಗ ಕಪ್ಪಾಗಿ, ಒಣಗಿದ ಮೇಲೆ ತಿಳಿಯಾಗುತ್ತದೆ. ಹಗುರಾಗಿದ್ದು, ಅಚ್ಚಿನಲ್ಲೇ ಮೂಡಿಸಿದ ಸಣ್ಣ ಚೌಕಗಳೋ ಗೀರುಗಳೋ ಇದ್ದರೆ ಅದು ಬಹುತೇಕ ಗಾಜಿನ ನಾರು ಬೆರೆಸಿದ ನೈಲಾನ್. ಎಫ್‌ಆರ್‌ಎನ್ ಎಂದು ಬರೆಯುತ್ತಾರೆ. ವಿಕ್ಟೋರಿನಾಕ್ಸ್‌ನ ಹೊಳೆಯುವ ಕೆಂಪು ಹಿಡಿ ಸೆಲಿಡಾರ್, ಅಂದರೆ ಸೆಲ್ಯುಲೋಸ್ ಅಸಿಟೇಟ್ ಬ್ಯುಟಿರೇಟ್ ಎಂಬ ಪ್ಲಾಸ್ಟಿಕ್. ಅದೇ ಕಂಪನಿಯ ಹೊಳಪಿಲ್ಲದ ಕೆಲವು ಹಿಡಿಗಳು ನೈಲಾನಿನವು. ಏಲಾಕ್ಸ್ ಎಂದಿದ್ದರೆ ಆನೊಡೈಸ್ ಮಾಡಿದ, ಅಂದರೆ ಮೇಲೆ ಆಕ್ಸೈಡ್ ಪದರ ಬೆಳೆಸಿದ ಅಲ್ಯೂಮಿನಿಯಂ.

ಮೂಳೆಗೂ ಮೂಳೆಯಂತೆ ಕಾಣುವ ಪ್ಲಾಸ್ಟಿಕ್ಕಿಗೂ ವ್ಯತ್ಯಾಸ ತಿಳಿಯಲು ಭೂತಗನ್ನಡಿ ಬೇಕು: ನಿಜವಾದ ಮೂಳೆಯಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ಕಪ್ಪು ಚುಕ್ಕಿ, ಗೆರೆಗಳಿರುತ್ತವೆ. ಅವು ಹಿಂದೆ ರಕ್ತ ಹರಿಯುತ್ತಿದ್ದ ನಾಳಗಳು. ಕೊಂಬಿನಲ್ಲಿ ಈ ಚುಕ್ಕಿಗಳಿಲ್ಲ, ಬಣ್ಣದ ಎಳೆಗಳು ಉದ್ದಕ್ಕೆ ಹರಿದಿರುತ್ತವೆ. ತೀರಾ ಹಳೆಯ ಚಾಕುವಿನ ಬಣ್ಣಬಣ್ಣದ ಹಿಡಿಯನ್ನು ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಅದಕ್ಕೆ ಬೆಂಕಿ ಬಲುಬೇಗ ಹಿಡಿಯುತ್ತದೆ, ಅಸಿಟೋನ್ ಮತ್ತು ಸ್ಪಿರಿಟ್ ಎರಡೂ ಅದನ್ನು ಕರಗಿಸುತ್ತವೆ ಅಥವಾ ಮೆತ್ತಗಾಗಿಸುತ್ತವೆ.

ಅನುಮಾನ ಉಳಿದರೆ, ಅಲಗು ಮಡಚಿ ಕೂರುವ ಸಂದಿನ ಅಂಚಿನಲ್ಲಿ ಕಣ್ಣಿಗೆ ಬೀಳದ ಒಂದು ಜಾಗ ಆರಿಸಿ, ಹತ್ತಿಕಡ್ಡಿಯಿಂದ ಕ್ಲೀನರನ್ನು ಮುಟ್ಟಿಸಿ ಐದು ನಿಮಿಷ ಬಿಡಿ. ಹತ್ತಿಗೆ ಹಿಡಿಯ ಬಣ್ಣ ಬಂದರೆ, ಜಾಗ ಮಂಕಾದರೆ, ಬೆರಳಿಗೆ ಅಂಟಿದರೆ ಆ ಕ್ಲೀನರ್ ಅಲ್ಲಿಗೇ ನಿಲ್ಲಲಿ.

ಕೂತಿರುವುದು ಏನು?

ದಿನಬಳಕೆಯ ಚಾಕುವಿನ ಹಿಡಿಯ ಮೇಲಿನ ಕಪ್ಪು ಮೇಣ ಒಂದೇ ಪದಾರ್ಥವಲ್ಲ. ಕೈಯ ಬೆವರು, ಚರ್ಮದ ಎಣ್ಣೆ, ಜೇಬಿನ ನೂಲುಧೂಳು, ಅಲಗು ತಿರುಗುವ ಕೀಲಾದ ಪಿವೊಟ್‌ನಿಂದ ಒಸರಿದ ಎಣ್ಣೆ, ಆ ಎಣ್ಣೆಯಲ್ಲಿ ತೇಲಿಬಂದ ಲೋಹದ ಪುಡಿ ಎಲ್ಲ ಸೇರಿ ಆಗಿದ್ದು. ಎಣ್ಣೆ ಹೋದರೆ ಉಳಿದದ್ದು ತಾನಾಗಿ ಉದುರುತ್ತದೆ. ಆದ್ದರಿಂದ ಮೊದಲ ಗುರಿ ಎಣ್ಣೆ.

ಲೋಹ ಅಥವಾ ಜಿ10 ಹಿಡಿಯಲ್ಲಿ ಜಿಡ್ಡು ಉಳಿದಿದೆಯೇ ಎಂದು ತಿಳಿಯಲು ತಣ್ಣೀರು ಹಾಯಿಸಿ ನೋಡಿ. ನೀರು ಒಂದೇ ಹಾಳೆಯಾಗಿ ಹರಿದರೆ ಜಿಡ್ಡು ಹೋಗಿದೆ. ಹನಿಹನಿಯಾಗಿ ಒಡೆದು ನಿಂತರೆ ಇನ್ನೂ ಇದೆ. ಮೇಣ ಹಚ್ಚಿದ ಮರಕ್ಕೆ, ಹೊಳೆಯುವ ಪ್ಲಾಸ್ಟಿಕ್ಕಿಗೆ ಈ ಪರೀಕ್ಷೆ ನಡೆಯದು, ಅವುಗಳ ಮೇಲೆ ನೀರು ಯಾವಾಗಲೂ ಹನಿಯಾಗಿಯೇ ನಿಲ್ಲುತ್ತದೆ.

ಎಷ್ಟು ಉಜ್ಜಿದರೂ ಹೋಗದ ಕೆಲವು "ಕಲೆ"ಗಳು ಕಲೆಗಳೇ ಅಲ್ಲ. ಕಪ್ಪು ನೈಲಾನ್ ಹಿಡಿ ಬಿಸಿಲಿಗೆ ಬೆಳ್ಳಗಾಗಿದ್ದರೆ ಮೇಲ್ಪದರವೇ ಸವೆದಿದೆ. ಆನೊಡೈಸ್ ಮಾಡಿದ ಅಲ್ಯೂಮಿನಿಯಂನ ಅಂಚಿನಲ್ಲಿ ಬೆಳ್ಳಿಯ ಬಣ್ಣ ಇಣುಕಿದರೆ ಬಣ್ಣದ ಪದರ ಕೀಲಿ ಗೊಂಚಲಿಗೆ ತಿಕ್ಕಿ ಹೋಗಿದೆ. ರಬ್ಬರಿನ ಮೃದು ಲೇಪವಿರುವ ಹಿಡಿ ವರ್ಷಗಳ ನಂತರ ಅಂಟಂಟಾದರೆ ಅದು ಜಿಡ್ಡಲ್ಲ, ಲೇಪವೇ ಕೊಳೆಯುತ್ತಿದೆ. ಸೋಪು ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ಅಂಥದ್ದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಪೂರ್ತಿ ಒರಸಿ ತೆಗೆದು, ಕೆಳಗಿನ ಗಟ್ಟಿ ಪ್ಲಾಸ್ಟಿಕ್ಕನ್ನೇ ಹಿಡಿಯಾಗಿ ಬಳಸುವುದು ಉತ್ತಮ. ಅರ್ಧಂಬರ್ಧ ಬಿಟ್ಟರೆ ಧೂಳು ಮತ್ತೆ ಮೆತ್ತುತ್ತದೆ.

ಎಲ್ಲಕ್ಕೂ ಮೊದಲ ತೊಳೆತ

ಬೇಕಾಗುವುದು ಇಷ್ಟು: ಪಾತ್ರೆ ತೊಳೆಯುವ ಲಿಕ್ವಿಡ್, ಮೃದುವಾದ ಹಳೆಯ ಹಲ್ಲುಜ್ಜುವ ಬ್ರಶ್, ಮರದ ಹಲ್ಲುಕಡ್ಡಿ, ಹತ್ತಿಕಡ್ಡಿ, ನೂಲು ಬಿಡದ ಎರಡು ಬಟ್ಟೆ, ಅಲಗಿಗೆ ಸುತ್ತಲು ಪೇಂಟರ್ಸ್ ಟೇಪ್. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಲಿಕ್ವಿಡ್ ಸಾಕು. ಹೆಚ್ಚು ಹಾಕಿದರೆ ಜಿಡ್ಡು ಬೇಗ ಹೋಗುವುದಿಲ್ಲ, ಸಂದುಗಳಲ್ಲಿ ನೊರೆ ಉಳಿದು ಒಣಗಿ ಬಿಳಿ ಪುಡಿಯಾಗುತ್ತದೆ ಅಷ್ಟೇ.

ಅಲಗನ್ನು ಪೂರ್ತಿ ತೆರೆದು, ಲಾಕ್ ಕೂತಿದೆ ಎಂದು ಖಚಿತಪಡಿಸಿಕೊಂಡು, ಮೊನೆಯಿಂದ ಹಿಡಿಯ ತನಕ ಟೇಪನ್ನು ಎರಡು ಸುತ್ತು ಸುತ್ತಿ. ಸೋಪಿನ ಕೈಯಲ್ಲಿ ಹಿಡಿ ಜಾರುತ್ತದೆ, ಉಜ್ಜುವ ಭರದಲ್ಲಿ ಲಾಕ್ ಬಿಟ್ಟುಕೊಂಡರೆ ಅಲಗು ಬೆರಳ ಮೇಲೆಯೇ ಮಡಚುತ್ತದೆ. ಲಾಕ್ ಇಲ್ಲದ, ಬರೀ ಸ್ಪ್ರಿಂಗಿನ ಬಿಗಿಯಲ್ಲಿ ನಿಲ್ಲುವ ಚಾಕುಗಳಲ್ಲಂತೂ ಟೇಪ್ ಬಿಡಲೇಬಾರದು. ಪಕ್ಕದಲ್ಲಿ ಸಿಕ್ಕಿಸಿಟ್ಟ ಚಿಮಟ, ಹಲ್ಲುಕಡ್ಡಿ ಇದ್ದರೆ ಮೊದಲೇ ಎಳೆದಿಡಿ. ಅವುಗಳ ಗೂಡಿನಲ್ಲಿ ನೀರು ಗಂಟೆಗಟ್ಟಲೆ ನಿಲ್ಲುತ್ತದೆ. ಎಲ್‌ಇಡಿ, ಯುಎಸ್‌ಬಿ ಇರುವ ಮಾದರಿಗಳನ್ನು ನೀರಿಗೆ ಮುಳುಗಿಸಬೇಡಿ.

ಬ್ರಶ್ಶನ್ನು ಸೋಪುನೀರಿಗೆ ಅದ್ದಿ, ಒಮ್ಮೆ ಕೊಡವಿ, ಹಿಡಿಯ ಒಂದು ಬದಿಯನ್ನು ಸಣ್ಣ ಸುತ್ತುಗಳಲ್ಲಿ ಉಜ್ಜಿ. ಒತ್ತಬೇಡಿ. ಒತ್ತಿದರೆ ಬ್ರಶ್ಶಿನ ಕೂದಲು ಅಡ್ಡ ಮಲಗುತ್ತದೆ, ಗೀರಿನ ತಳಕ್ಕೆ ತುದಿ ಇಳಿಯುವುದಿಲ್ಲ. ಜಿಡ್ಡು ಇರುವುದು ಅಲ್ಲೇ. ಹಗುರವಾಗಿ, ತುದಿಯಲ್ಲಿ ಕುಟ್ಟಿದಂತೆ ಆಡಿಸಿದರೆ ನೊರೆ ಮೊದಲು ಬೂದು ಬಣ್ಣಕ್ಕೆ, ಆಮೇಲೆ ಕಪ್ಪಿಗೆ ತಿರುಗುತ್ತದೆ. ಆ ನೊರೆಯನ್ನು ಬಟ್ಟೆಯಿಂದ ಎತ್ತಿಬಿಡಿ. ಹಾಗೇ ಉಜ್ಜುತ್ತಾ ಹೋದರೆ ಅದೇ ಕೊಳೆಯನ್ನು ಇನ್ನೊಂದು ಮೂಲೆಗೆ ಸಾಗಿಸಿದಂತೆ. ಎರಡು ನಿಮಿಷ ಒಂದು ಬದಿ, ಎರಡು ನಿಮಿಷ ಇನ್ನೊಂದು. ಸ್ಕ್ರೂ ತಲೆಯ ಗುಳಿ, ಕ್ಲಿಪ್ಪಿನ ಅಡಿ, ದಾರ ಕಟ್ಟುವ ತೂತು ಇವಕ್ಕೆ ಹಲ್ಲುಕಡ್ಡಿ. ಲೋಹದ ಪಿನ್ನು, ಸೂಜಿ ಬೇಡ, ಅವು ಗೀರು ಬಿಡುತ್ತವೆ.

ನೀರು ತಗಲಬಾರದ ಹಿಡಿಗಳಿಗೆ (ಮರ, ಮೂಳೆ, ಕೊಂಬು, ಮುತ್ತಿನ ಚಿಪ್ಪು) ಇದೇ ಸೋಪುನೀರನ್ನು ಹಿಂಡಿದ ಬಟ್ಟೆಯಲ್ಲಿ ಹಚ್ಚಿ, ಇನ್ನೊಂದು ಒದ್ದೆ ಬಟ್ಟೆಯಲ್ಲಿ ಸೋಪು ತೆಗೆದು, ಕೂಡಲೇ ಒಣಬಟ್ಟೆಯಿಂದ ಒರಸಿ. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಒದ್ದೆಯಾಗಿ ಇರಬಾರದು.

ಬಹುಪಾಲು ಚಾಕುಗಳಿಗೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಮುಂದಿನದು ಇದಕ್ಕೆ ಬಗ್ಗದ ಕೊಳೆಗೆ.

ಜಿ10, ಮೈಕಾರ್ಟಾ, ನೈಲಾನ್

ಜಿ10 ಹಿಡಿಗೆ ಏನು ಮಾಡಿದರೂ ತಡೆದುಕೊಳ್ಳುತ್ತದೆ ಎನ್ನಬಹುದು. ಸೋಪಿಗೆ ಹೋಗದ ಜಿಡ್ಡಿಗೆ 90 ಶೇಕಡಾಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಬ್ರಶ್ ಆಡಿಸಿ. ಎಪಾಕ್ಸಿಗೆ ಅಸಿಟೋನನ್ನೂ ಚೂರು ಹೊತ್ತು ತಾಗಿಸಬಹುದು, ಆದರೆ ಹಲಗೆಗಳ ನಡುವಿನ ಪ್ಲಾಸ್ಟಿಕ್ ತುಂಡು (ಸ್ಪೇಸರ್), ಬೇರಿಂಗ್ ಗುಂಡುಗಳನ್ನು ಹಿಡಿದಿಡುವ ಪಂಜರಗಳ ಮೇಲೆ ಸೋರಿದರೆ ಏನಾಗುತ್ತದೋ ಹೇಳಲಾಗದು, ಆಲ್ಕೊಹಾಲ್ ಸಾಕು. ಬಿಳಿ, ತಿಳಿಹಸಿರು, ಕಿತ್ತಳೆ ಜಿ10ಗೆ ಜೀನ್ಸಿನ ನೀಲಿ ಮೆತ್ತಿಕೊಂಡಿರುವುದೇ ಹೆಚ್ಚಿನ ದೂರು. ಅದಕ್ಕೆ ಮದ್ದು ಬಿಳಿ ಮೆಲಮೈನ್ ಸ್ಪಂಜು, ಅಂದರೆ ಗೋಡೆಯ ಕಲೆ ಒರಸುವ ಮ್ಯಾಜಿಕ್ ಇರೇಸರ್. ಒದ್ದೆ ಮಾಡಿ ಹಿಂಡಿ, ನಾಲ್ಕೈದು ಬಾರಿ ಎಳೆದರೆ ನೀಲಿ ಸ್ಪಂಜಿಗೆ ಬರುತ್ತದೆ. ಇದು ಕೆಲಸ ಮಾಡುವುದು ರಾಸಾಯನಿಕದಿಂದಲ್ಲ, ಅತಿ ನಯವಾದ ಉಪ್ಪುಕಾಗದದ ರೀತಿಯಲ್ಲಿ ಉಜ್ಜುವುದರಿಂದ. ಆದ್ದರಿಂದಲೇ ಹೊಳಪಿರುವ ಯಾವ ಹಿಡಿಗೂ ಇದನ್ನು ಮುಟ್ಟಿಸಬಾರದು. ಹೊಳಪು ಅಲ್ಲಿಗೆ ಮುಗಿಯಿತು.

ಮೈಕಾರ್ಟಾ ಬೇರೆ ಕಥೆ. ಅದರ ಮೇಲ್ಮೈಯಲ್ಲಿ ಬಟ್ಟೆಯ ಎಳೆಗಳು ತೆರೆದುಕೊಂಡಿರುವುದರಿಂದ ಕೈಯ ಎಣ್ಣೆ ಹೀರಿ ತಿಂಗಳುಗಳಲ್ಲಿ ಕಪ್ಪಾಗುತ್ತದೆ. ಹಲವರು ಈ ಬಣ್ಣಕ್ಕಾಗಿಯೇ ಮೈಕಾರ್ಟಾ ಕೊಳ್ಳುತ್ತಾರೆ, ಹಾಗಾಗಿ ಬೇರೆಯವರ ಚಾಕು ತೊಳೆಯುವ ಮುಂಚೆ ಒಂದು ಮಾತು ಕೇಳುವುದು ಒಳ್ಳೆಯದು. ಬಣ್ಣ ಸಮವಾಗಿಲ್ಲದೆ ಮಚ್ಚೆ ಮಚ್ಚೆಯಾಗಿದ್ದರೆ, ಸೋಪುನೀರಿನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ನಂತರ ಐಸೊಪ್ರೊಪೈಲ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರಸಿ. ಬಟ್ಟೆಗೆ ಹಳದಿ-ಕಂದು ಬರುತ್ತದೆ. ಹೊಸ ಮಗ್ಗುಲು ತಿರುಗಿಸುತ್ತಾ ಅದು ಬರುವುದು ನಿಲ್ಲುವ ತನಕ ಮಾಡಿ. ಅದಕ್ಕೂ ಬಗ್ಗದಿದ್ದರೆ 600 ನಂಬರಿನ ಉಪ್ಪುಕಾಗದವನ್ನು ನೀರಲ್ಲಿ ಅದ್ದಿ ಹಗುರವಾಗಿ ಎಳೆಯುವುದು ಕೊನೆಯ ಉಪಾಯ. ಹಿಡಿ ತಿಳಿಬಣ್ಣಕ್ಕೆ ಬರುತ್ತದೆ, ಆದರೆ ಮೊದಲಿನ ಹಿಡಿತ ಸ್ವಲ್ಪ ಬದಲಾಗುತ್ತದೆ. ಎರಡೂ ಬದಿಗೆ ಒಂದೇ ಲೆಕ್ಕದಲ್ಲಿ ಮಾಡಿ, ಇಲ್ಲದಿದ್ದರೆ ಒಂದು ಬದಿ ಹೊಸದು, ಇನ್ನೊಂದು ಹಳೆಯದು ಎಂದು ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಜಿ10, ಮೈಕಾರ್ಟಾ, ಕಾರ್ಬನ್ ಫೈಬರ್ ಈ ಮೂರನ್ನೂ ಉಪ್ಪುಕಾಗದದಿಂದ ಒಣಗಿದಂತೆಯೇ ಉಜ್ಜಬೇಡಿ. ಗಾಜಿನ ನಾರು, ರಾಳದ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಚರ್ಮಕ್ಕೂ ತುರಿಕೆ ತರುತ್ತದೆ. ನೀರು ಹಾಕಿ ಉಜ್ಜಿ, ಎನ್95 ಮಾಸ್ಕ್ ಹಾಕಿ, ಕೆಸರನ್ನು ಒದ್ದೆ ಬಟ್ಟೆಯಲ್ಲೇ ಎತ್ತಿ.

ನೈಲಾನ್ ಹಿಡಿಗೆ ಸೋಪು, ಮೆಲಮೈನ್ ಸ್ಪಂಜು, ಆಲ್ಕೊಹಾಲ್ ಮೂರೂ ಸರಿ. ಬಲವಾದ ಆಮ್ಲ, ಬ್ಲೀಚ್ ಬೇಡ. ಬ್ಲೀಚಿನ ಮಾತು ಬಂದಿದ್ದರಿಂದ: ಅದನ್ನು ಯಾವ ಚಾಕುವಿಗೂ ಹಾಕಬೇಡಿ. ಅದರ ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸೂಜಿಮೊನೆಯಷ್ಟು ಗುಂಡಿ ಕೊರೆಯುತ್ತದೆ.

ಹೊಳೆಯುವ ಪ್ಲಾಸ್ಟಿಕ್

ಸೆಲಿಡಾರ್ ಹಿಡಿಗೆ ಸೋಪುನೀರೇ ಮದ್ದು. ಸ್ಟಿಕ್ಕರ್ ಅಂಟು ಉಳಿದಿದ್ದರೆ ಒಂದು ಹನಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಹೆಬ್ಬೆರಳಿನಿಂದ ಉರುಳಿಸಿ ತೆಗೆದು, ಎಣ್ಣೆಯನ್ನು ಸೋಪಿನಿಂದ ತೊಳೆಯಿರಿ. ನೇಲ್ ಪಾಲಿಶ್ ರಿಮೂವರ್ ಹತ್ತಿರಕ್ಕೂ ಬೇಡ. ಅದರಲ್ಲಿ ಅಸಿಟೋನ್ ಅಥವಾ ಅಂಥದ್ದೇ ದ್ರಾವಕವಿರುತ್ತದೆ, ಹಿಡಿಯ ಮೇಲೆ ಬೆರಳಚ್ಚೇ ಮೂಡಿಬಿಡುತ್ತದೆ. ಆಲ್ಕೊಹಾಲ್ ಬಳಸಲೇಬೇಕಾದರೆ ಒಂದು ಸಲ ಒರಸಿ ತಕ್ಷಣ ಒಣಗಿಸಿ, ನೆನೆಹಾಕಬೇಡಿ. ಸಣ್ಣ ಗೀರುಗಳಿದ್ದು ಅವುಗಳಲ್ಲಿ ಕೊಳೆ ಕೂತು ಹಿಡಿ ಮಾಸಿದಂತೆ ಕಂಡರೆ, ಪ್ಲಾಸ್ಟಿಕ್ ಪಾಲಿಶ್ ಕಡಲೆಕಾಳಿನಷ್ಟು ಮೃದು ಬಟ್ಟೆಗೆ ಹಾಕಿ ಐದು ನಿಮಿಷ ಉಜ್ಜಿದರೆ ಹೊಳಪು ಮರಳುತ್ತದೆ. ಕೆತ್ತಿದ ಲೋಗೋ ಇದ್ದರೆ ಅದರ ಮೇಲೆ ಟೇಪ್ ಅಂಟಿಸಿ. ಪಾಲಿಶ್ ಗುಳಿಯಲ್ಲಿ ಒಣಗಿ ಬಿಳಿಯಾದರೆ ತೆಗೆಯಲು ಪಾಲಿಶ್ ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಬೇಕು.

ಅಲ್ಯೂಮಿನಿಯಂ, ಟೈಟೇನಿಯಂ, ಹಿತ್ತಾಳೆ

ಆನೊಡೈಸ್ ಪದರ ಎಂದರೆ ಅಲ್ಯೂಮಿನಿಯಂನ ಮೇಲೆಯೇ ಬೆಳೆಸಿದ ಆಕ್ಸೈಡ್, ಅದರ ರಂಧ್ರಗಳಲ್ಲಿ ಬಣ್ಣ ತುಂಬಿ ಮುಚ್ಚಿರುತ್ತಾರೆ. ಅದು ಸುಮಾರು 4ರಿಂದ 8.5ರ ಪಿಎಚ್ ಒಳಗೆ ಸುರಕ್ಷಿತ. ಅಡುಗೆಮನೆಯ ಒಲೆ ತೊಳೆಯುವ ಡಿಗ್ರೀಸರ್, ಪಾತ್ರೆ ಮಷೀನಿನ ಪುಡಿ, ಚರಂಡಿ ಕ್ಲೀನರ್ ಇವೆಲ್ಲ ಕ್ಷಾರ, ಪದರವನ್ನೇ ತಿನ್ನುತ್ತವೆ. ಅಡುಗೆ ಸೋಡಾ ಪೇಸ್ಟ್ ಕೂಡ ಇಲ್ಲಿ ಬೇಡ, ಅದು ಉಜ್ಜಿ ಹೊಳಪು ಬದಲಿಸುತ್ತದೆ. ಸೋಪುನೀರು, ಆಮೇಲೆ ಆಲ್ಕೊಹಾಲ್, ಅಷ್ಟೇ.

ಟೈಟೇನಿಯಂನ ನೀಲಿ, ನೇರಳೆ, ಕಂಚು ಬಣ್ಣಗಳಲ್ಲಿ ಬಣ್ಣದ ಪದಾರ್ಥ ಇಲ್ಲವೇ ಇಲ್ಲ. ಆಕ್ಸೈಡ್ ಪದರದ ದಪ್ಪಕ್ಕೆ ತಕ್ಕಂತೆ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿ ಕಳೆದು ಕಾಣುವ ಬಣ್ಣ ಅದು. ಅದರ ಮೇಲೆ ಬೆರಳಿನ ಎಣ್ಣೆಯ ತೆಳು ಪದರ ಕೂತರೆ ಆ ಲೆಕ್ಕ ತಪ್ಪಿ ನೀಲಿ ಕಂದಾಗಿ ಕಾಣುತ್ತದೆ. ಕಿಟಕಿ ಗಾಜು ಒರಸುವ ಕ್ಲೀನರ್ ಸಿಂಪಡಿಸಿ ಒರಸಿದರೆ ಬಣ್ಣ ಕಣ್ಣೆದುರೇ ವಾಪಸ್ ಬರುತ್ತದೆ. ಉಜ್ಜುವ ಪುಡಿ, ಸ್ಪಂಜು, ಲೋಹದ ಪಾಲಿಶ್ ಬಳಸಿದರೆ ಪದರವೇ ತೆಳುವಾಗಿ ಬಣ್ಣ ಹೋಗುತ್ತದೆ. ಬಣ್ಣ ಹಾಕದ, ಮಂಕು ಬೂದಿಯ ಟೈಟೇನಿಯಂ ಮೇಲೆ ಕೀಲಿ, ನಾಣ್ಯ ತಿಕ್ಕಿದ ಹೊಳೆಯುವ ಗೆರೆಗಳು ಹಲವು ಸಲ ಮೇಲೆ ಮೆತ್ತಿದ ಲೋಹದ ಗುರುತುಗಳು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ನೋಡಿ, ಬಹುತೇಕ ಹೋಗುತ್ತವೆ.

ಹಿತ್ತಾಳೆ, ತಾಮ್ರದ ಹಿಡಿ ಕಪ್ಪಾಗಿರುವುದು ಗಾಳಿಯಿಂದ. ಒಂದು ಕಪ್ ವಿನೆಗರಿಗೆ ಒಂದು ಚಮಚ ಉಪ್ಪು ಕಲಸಿ, ಬಟ್ಟೆಯಲ್ಲಿ ಹಚ್ಚಿ ಒಂದೆರಡು ನಿಮಿಷ ಉಜ್ಜಿದರೆ ಹೊಳೆಯುತ್ತದೆ. ಅದರಲ್ಲಿ ಮುಳುಗಿಸಿಟ್ಟು ಮರೆತರೆ ಹಿತ್ತಾಳೆಯ ಮೇಲ್ಪದರದಿಂದ ಸತುವು ಕರಗಿ ಹೋಗಿ ಗುಲಾಬಿ ಬಣ್ಣ ಬರುತ್ತದೆ. ಉಪ್ಪು-ವಿನೆಗರ್ ಅಲಗಿಗೋ ಸ್ಪ್ರಿಂಗಿಗೋ ತಾಗಿದರೆ ಬೇಗ ತುಕ್ಕು ಏಳುತ್ತದೆ, ಆದ್ದರಿಂದ ಭಾಗ ಭಾಗವಾಗಿ ಬಿಚ್ಚದ ಚಾಕುವಿಗೆ ಇದಕ್ಕಿಂತ ಟ್ಯೂಬಿನ ಲೋಹದ ಪಾಲಿಶ್ ಉತ್ತಮ. ಯಾವುದೇ ಹಿಡಿಯಲ್ಲಿ ರಿವೆಟ್ಟು, ಒಳಪಟ್ಟಿ (ಹಿಡಿಯ ಹಲಗೆಯ ಒಳಬದಿಯ ಲೋಹದ ತಗಡು) ಹಿತ್ತಾಳೆಯದ್ದಾಗಿದ್ದರೆ ಅದರ ಸುತ್ತ ಹಸಿರು ಮೇಣದಂಥ ಕಿಲುಬು ಕಾಣುತ್ತದೆ. ಎಣ್ಣೆಯಲ್ಲಿನ ಆಮ್ಲ ತಾಮ್ರದ ಜೊತೆ ಸೇರಿ ಆದದ್ದು. ಮೊದಲು ಹಲ್ಲುಕಡ್ಡಿಯಲ್ಲಿ ಕೆರೆದು, ಉಳಿದದ್ದನ್ನು ಆಲ್ಕೊಹಾಲಿನ ಹತ್ತಿಕಡ್ಡಿಯಲ್ಲಿ ಒರಸಿ. ಒರಸಿದ ಹತ್ತಿಯನ್ನು ಮರದ ಹಿಡಿಗೆ ತಾಗಿಸಬೇಡಿ, ಹಸಿರು ನಾರಿಗೆ ಇಳಿದರೆ ಹೊರಬರುವುದಿಲ್ಲ.

ಮರ

ಮರದ ಹಿಡಿಯಲ್ಲಿ ಮೊದಲು ನೋಡಬೇಕಾದ್ದು ಮೇಲೆ ವಾರ್ನಿಶ್ ಇದೆಯೋ, ಬರೀ ಎಣ್ಣೆ ಕುಡಿಸಿದ್ದೋ. ಫ್ರಾನ್ಸಿನ ಚಾಕು ಕಂಪನಿ ಒಪಿನೆಲ್‌ನ ಬೀಚ್ ಮರದ ಹಿಡಿಗಳಿಗೆ ವಾರ್ನಿಶ್ ಇರುತ್ತದೆ. ಹಿಂಡಿದ ಸೋಪುಬಟ್ಟೆಯಲ್ಲಿ ಒರಸಿದರೆ ಸಾಕು. ವಾರ್ನಿಶ್ ಸವೆದ ಜಾಗದಲ್ಲಿ ಮಾತ್ರ ಜಿಡ್ಡು ಒಳಗಿಳಿದಿರುತ್ತದೆ.

ಎಣ್ಣೆ ಕುಡಿಸಿದ ಮರಕ್ಕೆ ನೀರಿಗಿಂತ ಮಿನರಲ್ ಟರ್ಪೆಂಟೈನ್ ಒಳ್ಳೆಯದು. ಅದು ಜಿಡ್ಡನ್ನು ಕರಗಿಸುತ್ತದೆ, ಆದರೆ ಮರದ ನಾರನ್ನು ಉಬ್ಬಿಸುವುದಿಲ್ಲ. ಬಟ್ಟೆಗೆ ಅರ್ಧ ಚಮಚ ಹಾಕಿ ನಾರಿನ ಉದ್ದಕ್ಕೆ ಒರಸಿ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರದಿರಲಿ. ಎಣ್ಣೆ ಆಳಕ್ಕಿಳಿದು ಕಪ್ಪು ಮಚ್ಚೆಯಾಗಿದ್ದರೆ ಟಾಲ್ಕಂ ಪೌಡರ್ ಅಥವಾ ಸೀಮೆಸುಣ್ಣದ ಪುಡಿಯನ್ನು ಅದೇ ಟರ್ಪೆಂಟೈನ್‌ನಲ್ಲಿ ದಪ್ಪ ಪೇಸ್ಟ್ ಮಾಡಿ, ಮಚ್ಚೆಯ ಮೇಲೆ 3 ಮಿಲಿಮೀಟರ್ ದಪ್ಪಕ್ಕೆ ಮೆತ್ತಿ ಒಂದು ರಾತ್ರಿ ಬಿಡಿ. ದ್ರಾವಕ ಆರುವಾಗ ಕರಗಿದ ಎಣ್ಣೆಯನ್ನು ಪುಡಿಗೆ ಎಳೆದು ತರುತ್ತದೆ. ಬೆಳಗ್ಗೆ ಪುಡಿ ಹಳದಿಯಾಗಿದ್ದರೆ ಕೆಲಸ ನಡೆಯುತ್ತಿದೆ. ಅದು ಬಿಳಿಯಾಗಿಯೇ ಉದುರುವ ತನಕ ಮತ್ತೆ ಮಾಡಿ.

ರೋಸ್‌ವುಡ್, ಕೊಕೊಬೊಲೊ ಜಾತಿಯ ಮರಗಳಲ್ಲಿ ಒಂದು ಮೋಸ ಹೋಗುವ ಜಾಗವಿದೆ. ಅಸಿಟೋನ್ ಅಥವಾ ಆಲ್ಕೊಹಾಲ್ ತಾಗಿಸಿದರೆ ಬಟ್ಟೆ ಕೆಂಪು-ಕಂದಾಗುತ್ತದೆ, ಒರಸಿದಷ್ಟೂ ಬರುತ್ತದೆ. ಅದು ಕೊಳೆಯಲ್ಲ, ಮರದ್ದೇ ರಾಳ. ಕೊಳೆ ಎಂದುಕೊಂಡು ಒರಸುತ್ತಾ ಹೋದರೆ ಹಿಡಿ ಒಣಗಿ ಪೇಲವವಾಗುತ್ತದೆ. ಪಕ್ಕದಲ್ಲಿ ಬಿಳಿ ಮೂಳೆಯೋ ತಿಳಿಬಣ್ಣದ ಮರವೋ ಜೋಡಿಸಿದ್ದರೆ ಅದಕ್ಕೂ ಕೆಂಪು ಹತ್ತುತ್ತದೆ.

ರಿವೆಟ್ಟಿನ ಸುತ್ತ ನೀಲಿ-ಕಪ್ಪು ಉಂಗುರ ಕಂಡರೆ ಅದು ಕಬ್ಬಿಣಕ್ಕೂ ಮರದಲ್ಲಿರುವ ಒಗರು ಪದಾರ್ಥವಾದ ಟ್ಯಾನಿನ್‌ಗೂ ನೀರಿನ ನೆಪದಲ್ಲಿ ಆದ ಸಂಬಂಧ. ಸೋಪು, ಟರ್ಪೆಂಟೈನ್ ಯಾವುದಕ್ಕೂ ಹೋಗದು. ಆಕ್ಸಾಲಿಕ್ ಆಮ್ಲ ಮಾತ್ರ ಅದನ್ನು ಬಿಡಿಸುತ್ತದೆ: ಒಂದು ಟೀ ಚಮಚ ಹರಳನ್ನು ಅರ್ಧ ಕಪ್ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಹತ್ತಿಕಡ್ಡಿಯಲ್ಲಿ ಉಂಗುರದ ಮೇಲಷ್ಟೇ ಹಚ್ಚಿ, ಹತ್ತು ನಿಮಿಷದ ಬಳಿಕ ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರಸಿ ತೆಗೆಯಿರಿ. ಇದು ವಿಷ. ಗ್ಲೌಸ್ ಹಾಕಿ, ಮಕ್ಕಳಿಂದ ದೂರವಿಡಿ, ಉಳಿದದ್ದನ್ನು ಅಡುಗೆ ಪಾತ್ರೆಯಲ್ಲಿ ಇಡಬೇಡಿ. ಮರವನ್ನು ಸ್ಟೀಲ್ ಉಣ್ಣೆಯಿಂದ ಉಜ್ಜಿದರೂ ಇದೇ ಕಪ್ಪು ಮೂಡಬಹುದು. ಮುರಿದು ಉಳಿದ ಕಬ್ಬಿಣದ ಎಳೆಗಳು ಮುಂದಿನ ಒದ್ದೆಗೆ ಕಾಯುತ್ತಿರುತ್ತವೆ.

ತೊಳೆದ ಮೇಲೆ ಮರ ಒರಟಾದರೆ ನಾರು ಎದ್ದಿದೆ ಎಂದರ್ಥ. ಒಂದು ದಿನ ಒಣಗಿಸಿ, 400 ನಂಬರಿನ ಉಪ್ಪುಕಾಗದವನ್ನು ನಾರಿನ ಉದ್ದಕ್ಕೆ ಎರಡೇ ಸಲ ಎಳೆದು, ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಎಂದು ಸಿಗುವ ಅಗಸೆ ಎಣ್ಣೆ ಮೂರ್ನಾಲ್ಕು ಹನಿ ಹಚ್ಚಿ, 15 ನಿಮಿಷದ ನಂತರ ಹೀರದೆ ಉಳಿದದ್ದನ್ನು ಪೂರ್ತಿ ಒರಸಿ. ಉಳಿಸಿದರೆ ಅದು ಅಂಟಾಗುತ್ತದೆ. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಮುದ್ದೆಯ ಒಳಗೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿ ಎಸೆಯಿರಿ.

ಮೂಳೆ, ಕೊಂಬು, ಚಿಪ್ಪು

ಇವುಗಳಿಗೆ ಬಿಸಿನೀರು ಬೇಡ, ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ. ಥಟ್ಟನೆ ಒದ್ದೆಯಾಗಿ ಥಟ್ಟನೆ ಒಣಗಿದರೆ ರಿವೆಟ್ಟಿನಿಂದ ಬಿರುಕು ಹೊರಡುತ್ತದೆ. ಬಣ್ಣ ಹಾಕದ ಬಿಳಿ ಮೂಳೆ ಹಳದಿಯಾಗಿದ್ದರೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡನ್ನು ಹತ್ತಿಕಡ್ಡಿಯಲ್ಲಿ ಹಚ್ಚಿ ಹತ್ತು ನಿಮಿಷ ಬಿಟ್ಟು ಒರಸಬಹುದು. ಕೆಂಪು, ಹಸಿರು, ಕಂದು ಬಣ್ಣದ ಕೆತ್ತನೆಯ ಮೂಳೆ ಹಿಡಿಗಳಿಗೆ ಪೆರಾಕ್ಸೈಡ್ ಮುಟ್ಟಿಸಬೇಡಿ, ಬಣ್ಣ ಮಚ್ಚೆಯಾಗಿ ಹೋಗುತ್ತದೆ. ಮುತ್ತಿನ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್; ವಿನೆಗರ್, ನಿಂಬೆರಸ ತಾಗಿದ ಕ್ಷಣದಿಂದ ಹೊಳಪು ಕರಗಲು ಶುರು. ಹಿಂಡಿದ ಸೋಪುಬಟ್ಟೆಗಿಂತ ಮುಂದೆ ಹೋಗುವ ಅಗತ್ಯ ಇಲ್ಲಿ ಇಲ್ಲ. ಒಣಗಿದ ಕೊಂಬಿಗೆ ಒಂದು ಹನಿ ಮಿನರಲ್ ಆಯಿಲ್ ಒಳ್ಳೆಯದು.

ಕೆಲವು ಹಠಮಾರಿ ಕಲೆಗಳು

ರಕ್ತ, ಮೀನಿನ ಲೋಳೆ ಇದ್ದರೆ ತಣ್ಣೀರಿನಲ್ಲೇ ಶುರುಮಾಡಿ. ಬಿಸಿನೀರಿಗೆ ಪ್ರೋಟೀನ್ ಗಟ್ಟಿಯಾಗಿ ಗೀರುಗಳಲ್ಲಿ ಕಚ್ಚಿಕೊಳ್ಳುತ್ತದೆ. ಮರದಿಂದ ಒಸರುವ ಅಂಟು ರಾಳ ಆಲ್ಕೊಹಾಲಿಗೆ ಕರಗುತ್ತದೆ. ಆಲ್ಕೊಹಾಲ್ ಆಗದ ಹಿಡಿಯಾದರೆ ಎಣ್ಣೆ ಹಚ್ಚಿ ಮೆತ್ತಗಾಗಿಸಿ ಸೋಪು ಹಾಕಿ. ಮಾರ್ಕರ್ ಶಾಯಿಗೂ ಆಲ್ಕೊಹಾಲೇ, ಆದರೆ ಮೈಕಾರ್ಟಾ, ಮರದಲ್ಲಿ ಒರಸಿದಷ್ಟೂ ಹರಡುತ್ತದೆ, ಆದ್ದರಿಂದ ಹತ್ತಿಯನ್ನು ಒತ್ತಿ ಎತ್ತಿ, ಒತ್ತಿ ಎತ್ತಿ ತೆಗೆಯಿರಿ. ಕ್ಲಿಪ್ಪಿನ ಅಡಿಯಿಂದ ಜಿ10ಗೆ ಇಳಿದ ತುಕ್ಕಿನ ಕಂದು ಗೆರೆಗೆ ಆಕ್ಸಾಲಿಕ್ ಆಮ್ಲವಿರುವ ಬಾರ್ ಕೀಪರ್ಸ್ ಫ್ರೆಂಡ್ ಪುಡಿಯ ಪೇಸ್ಟ್ ಒಂದು ನಿಮಿಷ ಸಾಕು. ಸ್ಟಿಕ್ಕರ್ ಅಂಟಿಗೆ ಡಬ್ಲ್ಯುಡಿ-40 ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಜಿಡ್ಡನ್ನು ಆಮೇಲೆ ತೊಳೆಯಲು ಮರೆಯಬೇಡಿ.

ಒಳಗಿನ ಕಪ್ಪು, ಬಿಚ್ಚುವ ವಿಚಾರ

ಹೊರಗೆ ಎಷ್ಟು ತೊಳೆದರೂ ಎರಡೇ ದಿನಕ್ಕೆ ಪಿವೊಟ್ ಸುತ್ತ ಕಪ್ಪು ಮತ್ತೆ ಕಂಡರೆ ಅದು ಒಳಗಿನಿಂದ ಬರುತ್ತಿದೆ. ರಿವೆಟ್ ಹಾಕಿದ ಚಾಕುವಾದರೆ ಉಗುರುಬೆಚ್ಚಗಿನ ಸೋಪುನೀರಿನೊಳಗೇ ಹತ್ತಿಪ್ಪತ್ತು ಸಲ ನಿಧಾನವಾಗಿ ಅಲಗು ತೆರೆದು ಮಡಚಿ (ಮರ, ಮೂಳೆ, ಕೊಂಬು, ಚಿಪ್ಪಿನ ಹಿಡಿ ಬಿಟ್ಟು, ಇಲ್ಲಿ ಟೇಪ್ ತೆಗೆದಿರುತ್ತೀರಿ, ಬೆರಳು ಜೋಪಾನ). ಸ್ಕ್ರೂ ಇರುವ ಚಾಕುವನ್ನು ಬಿಚ್ಚಬಹುದು. ಹೆಚ್ಚಿನವು ನಕ್ಷತ್ರಾಕಾರದ ಗುಳಿಯ ಟಾರ್ಕ್ಸ್ ಸ್ಕ್ರೂಗಳು, ಅಳತೆ ಟಿ6 ಮತ್ತು ಟಿ8, ಪಿವೊಟ್ ಕೆಲವೊಮ್ಮೆ ಟಿ10. ತಯಾರಕರ ವಾರಂಟಿಯಲ್ಲಿ ಬಿಚ್ಚಬಾರದೆಂದು ಇದೆಯೇ ನೋಡಿಕೊಳ್ಳಿ. ಸ್ಪ್ರಿಂಗಿನ ಸಹಾಯದಿಂದ ತಾನಾಗಿ ತೆರೆಯುವ ಚಾಕುವನ್ನು ಬಿಚ್ಚದಿರುವುದೇ ಜಾಣತನ. ಸ್ಪ್ರಿಂಗ್ ಕಣ್ಣಿಗೆ ಹಾರುತ್ತದೆ, ವಾಪಸ್ ಕೂರಿಸುವುದೂ ಕಷ್ಟ.

ಸ್ಕ್ರೂ ಅಲುಗದಿದ್ದರೆ ಬಲ ಹಾಕಬೇಡಿ. ಹೆಚ್ಚಿನ ಸ್ಕ್ರೂಗಳಿಗೆ ಸಡಿಲಾಗದಂತೆ ಹಿಡಿಯುವ ಅಂಟು, ಅಂದರೆ ನೀಲಿ ಥ್ರೆಡ್‌ಲಾಕರ್ ಹಾಕಿರುತ್ತಾರೆ. ಬಲ ಹಾಕಿದರೆ ಅದು ಬಿಡುವ ಮುಂಚೆ ಟಿ6ರ ಸಣ್ಣ ನಕ್ಷತ್ರವೇ ಸವೆದುಹೋಗುತ್ತದೆ. ಹಿಡಿ ಲೋಹದ್ದಾದರೆ ಕಾದ ಸಾಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ಒತ್ತಿ ಹಿಡಿದು, ಬಿಸಿ ಇರುವಾಗಲೇ ತಿರುಗಿಸಿ. ಪ್ಲಾಸ್ಟಿಕ್ ಹಿಡಿಗೆ ಈ ಉಪಾಯ ನಡೆಯದು, ಸುತ್ತಲೂ ಕರಗುತ್ತದೆ. ಬಿಚ್ಚುತ್ತಾ ಪ್ರತಿ ಹಂತದ ಫೋಟೋ ತೆಗೆಯಿರಿ, ಬಿಳಿ ಬಟ್ಟೆ ಹಾಸಿದ ತಟ್ಟೆಯೊಳಗೇ ಕೆಲಸ ಮಾಡಿ. ಕೆಲವು ಬೇರಿಂಗ್‌ಗಳ ಗುಂಡುಗಳು ಪಂಜರವಿಲ್ಲದೆ ಬಿಡಿಯಾಗಿರುತ್ತವೆ. ಬಿಡಿಬಿಡಿಯಾದ ಮೇಲೆ ಹಿಡಿಯ ಹಲಗೆಗಳನ್ನು ಅವುಗಳ ವಸ್ತುವಿಗೆ ತಕ್ಕಂತೆ ಬೇರೆಯಾಗಿ, ಲೋಹದ ಭಾಗಗಳನ್ನು ಆಲ್ಕೊಹಾಲಿನಲ್ಲಿ ಬೇರೆಯಾಗಿ ತೊಳೆಯಿರಿ.

ಒಣಗಿಸುವುದು, ಎಣ್ಣೆ

ಹಿಡಿ ಹೊರಗೆ ಒಣಗಿ ಕಂಡರೂ ಒಳಪಟ್ಟಿ ಮತ್ತು ಹಲಗೆಯ ನಡುವೆ ನೀರು ನಿಂತಿರುತ್ತದೆ. ಬಟ್ಟೆಯಲ್ಲಿ ಒರಸಿ, ಅಲಗು ತೆರೆದಿಟ್ಟು ಸಂದು ಕೆಳಮುಖವಾಗುವಂತೆ ನಿಲ್ಲಿಸಿ. ಡಬ್ಬಿಗಾಳಿ (ಒತ್ತಡದಲ್ಲಿ ತುಂಬಿದ ಗಾಳಿಯ ಸ್ಪ್ರೇ ಡಬ್ಬಿ) ಇದ್ದರೆ ಪಿವೊಟ್, ಸ್ಕ್ರೂ ಗುಳಿಗಳಿಗೆ ಊದಿ, ಕಣ್ಣಿಗೆ ಕನ್ನಡಕ ಇರಲಿ. ಆಲ್ಕೊಹಾಲ್ ತಡೆಯುವ ಹಿಡಿಯಾದರೆ ಪಿವೊಟ್‌ಗೆ ಅದನ್ನು ನಾಲ್ಕೈದು ಹನಿ ಬಿಟ್ಟು ಆಡಿಸಿ. ನೀರಿನ ಜೊತೆ ಬೆರೆತು ಅದನ್ನೂ ಎಳೆದುಕೊಂಡು ಆರಿಹೋಗುತ್ತದೆ. 70 ಶೇಕಡಾದ ಬಾಟಲಿ ಈ ಕೆಲಸಕ್ಕೆ ಬೇಡ, ಅದರಲ್ಲೇ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ನೀರಿದೆ.

ಆಮೇಲೆ ಪಿವೊಟ್‌ನ ಎರಡೂ ಬದಿಗೆ ಒಂದೊಂದೇ ಹನಿ ಎಣ್ಣೆ, ಹತ್ತಿಪ್ಪತ್ತು ಸಲ ಅಲಗು ತೆರೆದು ಮಡಚಿ, ಹೊರಗೆ ಬಂದದ್ದನ್ನು ಒರಸಿ. ಹಣ್ಣು, ರೊಟ್ಟಿ ಕತ್ತರಿಸುವ ಚಾಕುವಿಗೆ ಆಹಾರ ದರ್ಜೆಯ ಮಿನರಲ್ ಆಯಿಲ್ ಇರಲಿ. ಅಡುಗೆ ಎಣ್ಣೆ ಬೇಡ. ಅದು ತಿಂಗಳುಗಳಲ್ಲಿ ಗಟ್ಟಿಯಾಗಿ, ನೀವು ಈಗಷ್ಟೇ ತೆಗೆದ ಕಪ್ಪು ಮೇಣವನ್ನೇ ಮತ್ತೆ ಕಟ್ಟುತ್ತದೆ. ಒಳಪಟ್ಟಿಯೋ (ಲೈನರ್ ಲಾಕ್) ಹಿಡಿಯ ಲೋಹದ ಪಕ್ಕವೋ (ಫ್ರೇಮ್ ಲಾಕ್) ಅಲಗನ್ನು ತಡೆದು ನಿಲ್ಲಿಸುವ ಚಾಕುಗಳಲ್ಲಿ ಲಾಕ್ ಅಲಗಿಗೆ ಒತ್ತುವ ಮುಖದಲ್ಲಿ ಎಣ್ಣೆ ಉಳಿಯಬಾರದು, ಜಾರಬಹುದು. ಆಲ್ಕೊಹಾಲಿನ ಹತ್ತಿಕಡ್ಡಿಯಿಂದ ಅಲ್ಲಿ ಒಮ್ಮೆ ಒರಸಿ.

ಚಾಕುವನ್ನು ಅದೇ ದಿನ ಜೇಬಿಗೆ ಹಾಕದೆ ಒಂದು ರಾತ್ರಿ ತೆರೆದಿಡಿ. ಮರುದಿನ ಬಿಳಿ ಟಿಶ್ಯೂ ಮಡಚಿ ಪಿವೊಟ್ ಹತ್ತಿರದ ಸಂದಿಗೆ ತೂರಿಸಿ ಎಳೆಯಿರಿ. ಬರೀ ಎಣ್ಣೆಯ ಗುರುತು ಬಂದರೆ ಸರಿ. ಕಿತ್ತಳೆ-ಕಂದು ಬಂದರೆ ನೀರು ಉಳಿದು ತುಕ್ಕು ಶುರುವಾಗಿದೆ: ಆಲ್ಕೊಹಾಲ್, ಗಾಳಿ, ಎಣ್ಣೆ ಇಷ್ಟನ್ನು ಮತ್ತೊಮ್ಮೆ ಮಾಡಿ.